ಎರಡು ಬಾರಿ ಅನುತ್ತೀರ್ಣನಾದ ಹುಡುಗ: ಯಲ್ಲಾಪ್ರಗಡ ಸುಬ್ಬರಾವ್

ರಾಯದುರ್ಗ ಮತ್ತು ಮಡಕಶಿರಾ ಭಾಗದ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದಾಗಲೆಲ್ಲ ನಾವು ಈ ಮಹನೀಯರನ್ನು ನೆನೆಯುತ್ತೇವೆ.

ಸುಬ್ಬರಾವ್ 1895ರ ಜನವರಿ 12ರಂದು ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್‌ನಲ್ಲಿ ಉತ್ತೀರ್ಣರಾದದ್ದು ಮೂರನೆಯ ಪ್ರಯತ್ನದಲ್ಲಿ. ಸ್ಪ್ರೂ ಎಂಬ ಕರುಳಿನ ರೋಗ ಸಹೋದರನನ್ನು ಬಲಿ ತೆಗೆದುಕೊಂಡಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ಧರಿಸಿ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದ ಅವರಿಗೆ ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿಯಷ್ಟೇ ದೊರೆಯಿತು. 1923ರಲ್ಲಿ ಅಮೆರಿಕದ ಬೋಸ್ಟನ್ ಸೇರಿದರು. ಮತ್ತೆ ತಾಯ್ನಾಡಿಗೆ ಮರಳಲಿಲ್ಲ.

ಅವರ ಸಾಧನೆಯನ್ನು ಅರಿಯಲು ನಮ್ಮ ಮಕ್ಕಳ ಪಠ್ಯದ ಪದಗಳೇ ಸಾಕು. ಅಸ್ಥಿಮಜ್ಜೆಯ ಮೂಲಕೋಶಗಳಿಂದ ಎಲ್ಲ ರಕ್ತಕಣಗಳೂ ಹುಟ್ಟುತ್ತವೆ. ಅವೆಲ್ಲಕ್ಕೂ ಒಂದೇ ವಂಶವಾಹಿಗಳ ಬಳುವಳಿ. ಯಾವ ವಂಶವಾಹಿ ಎಚ್ಚರಗೊಳ್ಳಬೇಕು, ಯಾವುದು ಸುಮ್ಮನಿರಬೇಕು ಎಂಬ ನಿಯಂತ್ರಣದಿಂದ ಒಂದು ಕೋಶ ಕೆಂಪುಕಣವಾಗುತ್ತದೆ, ಇನ್ನೊಂದು ಬಿಳಿಕಣವಾಗುತ್ತದೆ. ಈ ನಿಯಂತ್ರಣ ಕೆಟ್ಟಾಗ ಎಳೆಯ ಕೋಶಗಳು ಬಲಿಯದೆ, ಎಳೆಯವಾಗಿಯೇ ಮಿತಿಮೀರಿ ಹೆಚ್ಚುತ್ತವೆ. ಅದೇ ರಕ್ತಕ್ಯಾನ್ಸರ್, ಲ್ಯುಕೇಮಿಯಾ.

ಕೋಶ ಎರಡಾಗಲು ಹೊಸ ಡಿ.ಎನ್.ಎ. ಬೇಕು, ಡಿ.ಎನ್.ಎ. ತಯಾರಿಗೆ ಫೋಲಿಕ್ ಆಮ್ಲ ಬೇಕು. ಲೆಡರ್ಲೆ ಪ್ರಯೋಗಾಲಯದಲ್ಲಿ ಸುಬ್ಬರಾವ್ ಅವರ ತಂಡ ಆ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಬಳಿಕ ಅದರಂತೆಯೇ ತೋರುವ, ಆದರೆ ಅದರ ಕೆಲಸವನ್ನು ತಡೆಯುವ ಅಮಿನೋಪ್ಟೆರಿನ್ ಅನ್ನು ರೂಪಿಸಿತು. ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ಲ್ಯುಕೇಮಿಯಾ ಪೀಡಿತ 16 ಮಕ್ಕಳಿಗೆ ನೀಡಿದರು. ಹತ್ತು ಮಕ್ಕಳು ಚೇತರಿಸಿಕೊಂಡರೆಂದು 1948ರ ಜೂನ್‌ನಲ್ಲಿ ವರದಿಯಾಯಿತು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೂ ಅಲ್ಲಿಯವರೆಗೆ ಮದ್ದೇ ಇಲ್ಲದಿದ್ದ ರೋಗಕ್ಕೆ ಅದೊಂದು ಬಾಗಿಲು ತೆರೆಯಿತು. ಅದೇ ಬಳಗದ ಮೆಥೋಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. ಆನೆಕಾಲು ರೋಗದ ಡಿ.ಇ.ಸಿ. ಗುಳಿಗೆಯೂ ಅವರ ಪ್ರಯೋಗಾಲಯದ್ದೇ. ಆ ವರದಿ ಬಂದ ಎರಡೇ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ನಿಧನರಾದರು. ನೊಬೆಲ್ ಅವರನ್ನು ಅರಸಿ ಬರಲಿಲ್ಲ.

ಕನ್ನಡದಲ್ಲಿ ವಿಜ್ಞಾನ ಓದಿದರೆ ಮಕ್ಕಳಿಗೆ ಮುಂದೇನು ಗತಿ ಎಂದು ಪೋಷಕರು ನಮ್ಮನ್ನು ಕೇಳುತ್ತಾರೆ. ಆ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದರಿಂದಲೇ ನಮ್ಮ ತರಗತಿಗಳು ಬರಿದಾಗುತ್ತಿವೆ. ಆದರೆ ವಂಶವಾಹಿ, ಅಸ್ಥಿಮಜ್ಜೆ ಎಂಬ ಪದಗಳನ್ನು ತಾಯ್ನುಡಿಯಲ್ಲಿ ಅರ್ಥಮಾಡಿಕೊಂಡ ಮಗುವಿಗೆ ಇಂಗ್ಲಿಷ್ ಪದಗಳು ನಾಳೆಯ ಪಾಠವಷ್ಟೇ, ಅರ್ಥವಂತೂ ಕೈಸೇರಿಯಾಗಿದೆ. ಒಂದು ಪರೀಕ್ಷೆಯ ಸೋಲು ಕೊನೆಯಲ್ಲವೆಂಬುದಕ್ಕೆ ನಮ್ಮದೇ ರಾಜ್ಯದ ಈ ಹಿರಿಯರ ಬದುಕೇ ಸಾಕ್ಷಿ. ಮಗುವನ್ನು ಶಾಲೆ ಬಿಡಿಸುವ ಮುನ್ನ ಈ ಜೀವನವನ್ನು ಮನೆಯಲ್ಲಿ ಒಮ್ಮೆ ಓದಿ ಹೇಳಬೇಕೆಂದು ಕೋರುತ್ತೇವೆ.