ಮೈಮೊನಿಡೀಸ್: ವಿಧಿಯೂ ಸತ್ಕಾರ್ಯವೂ

ಹೀಬ್ರೂ ಭಾಷೆಯಲ್ಲಿ ‘ಮಿತ್ಸ್ವಾ’ ಎಂದರೆ ದೇವರು ವಿಧಿಸಿದ ಆಜ್ಞೆ. ಯೆಹೂದ್ಯರ ಆಡುಮಾತಿನಲ್ಲಿ ಸತ್ಕಾರ್ಯಕ್ಕೂ ಅದೇ ಹೆಸರು. ಈ ಎರಡು ಅರ್ಥಗಳನ್ನು ತನ್ನ ಬಾಳಿನಲ್ಲಿ ಒಂದುಗೂಡಿಸಿದ ಮಹಾಪುರುಷನು ಮೋಸೆಸ್ ಮೈಮೊನಿಡೀಸ್.

ಆತನು 1138ರ ಸುಮಾರಿಗೆ ಸ್ಪೇನಿನ ಕಾರ್ಡೊಬಾ ನಗರದಲ್ಲಿ ಜನಿಸಿದನು. ತಂದೆ ಧರ್ಮಶಾಸ್ತ್ರವನ್ನು ಬಲ್ಲ ನ್ಯಾಯಾಧೀಶ. 1148ರಲ್ಲಿ ನಗರವು ಅಲ್ಮೊಹದ್ ಅರಸರ ವಶವಾಗಲು, ಯೆಹೂದ್ಯರಿಗೆ ಅಲ್ಲಿ ನೆಲೆ ತಪ್ಪಿತು. ಕುಟುಂಬವು ವರ್ಷಗಟ್ಟಲೆ ಅಲೆದು, ಮೊರಾಕೋ ಮತ್ತು ಪ್ಯಾಲೆಸ್ಟೈನ್‌ಗಳನ್ನು ಹಾದು, ಕೊನೆಗೆ ಈಜಿಪ್ಟಿನ ಫುಸ್ತಾತ್ ಸೇರಿತು.

1168ರಲ್ಲಿ ಕ್ರೈಸ್ತ ಸೈನ್ಯವು ಈಜಿಪ್ಟಿನ ಬಿಲ್ಬೈಸ್ ಪಟ್ಟಣವನ್ನು ಹಿಡಿದು, ಅನೇಕ ಯೆಹೂದ್ಯರನ್ನು ಸೆರೆಯೊಯ್ದಿತು. ಅವರನ್ನು ಬಿಡಿಸಲು ಮೈಮೊನಿಡೀಸನು ಊರೂರಿಗೆ ಪತ್ರ ಬರೆದು ಹಣ ಕೂಡಿಸಿದನು. ಸೆರೆಯವರ ಬಿಡುಗಡೆಗಿಂತ ಮಿಗಿಲಾದ ವಿಧಿಯಿಲ್ಲವೆಂಬುದು ಆತನ ಮತ.

ಅಲ್ಲಿಯವರೆಗೆ ಆತನ ಸಂಸಾರದ ಭಾರವನ್ನು ಹೊತ್ತಿದ್ದವನು ವರ್ತಕನಾದ ತಮ್ಮ ಡೇವಿಡ್. ಆತನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಮಡಿದನು. ಅಣ್ಣನು ಶೋಕದಿಂದ ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ತಮ್ಮನ ವಿಧವೆಯೂ ಚಿಕ್ಕ ಮಗಳೂ ಆತನ ಆಶ್ರಯದಲ್ಲಿ ಉಳಿದರು. ಶಾಸ್ತ್ರಜ್ಞಾನವನ್ನು ಹೊಟ್ಟೆಪಾಡಿಗೆ ಬಳಸುವುದು ತಪ್ಪೆಂದು ನಂಬಿದ ಆತನು ವೈದ್ಯವೃತ್ತಿಯನ್ನು ಹಿಡಿದು, ಸುಲ್ತಾನ ಸಲಾದೀನನ ಆಸ್ಥಾನದಲ್ಲಿ ಪ್ರಸಿದ್ಧನಾದನು.

ಯೆಹೂದ್ಯ ಧರ್ಮದ ವಿಧಿಗಳು 613: ಮಾಡಬೇಕಾದವು 248, ಮಾಡಬಾರದವು 365. ಇವನ್ನು ಒಂದೊಂದಾಗಿ ಎಣಿಸಿ ಗ್ರಂಥ ಬರೆದ ಮೇಲೆ, ಸಮಗ್ರ ಧರ್ಮಶಾಸ್ತ್ರವನ್ನು ‘ಮಿಷ್ನೇ ತೋರಾ’ ಎಂಬ 14 ಭಾಗಗಳ ಕೃತಿಯಲ್ಲಿ ಅಡಕಗೊಳಿಸಿದನು. ದಾನಕ್ಕೆ ಅದರಲ್ಲಿ ಎಂಟು ಮೆಟ್ಟಿಲುಗಳಿವೆ. ಮನಸ್ಸಿಲ್ಲದೆ ಕೊಡುವುದು ಕೊನೆಯದು. ಕೊಟ್ಟವನನ್ನು ಪಡೆದವನಾಗಲಿ, ಪಡೆದವನನ್ನು ಕೊಟ್ಟವನಾಗಲಿ ಅರಿಯದಿರುವುದು ಎರಡನೆಯದು. ಸಾಲವನ್ನೋ ಕೆಲಸವನ್ನೋ ಒದಗಿಸಿ, ಬಡವನು ಮತ್ತೆ ಕೈಯೊಡ್ಡದಂತೆ ಮಾಡುವುದೇ ಎಲ್ಲಕ್ಕಿಂತ ಮೇಲು. ಸಾವಿರ ನಾಣ್ಯವನ್ನು ಒಬ್ಬನಿಗೆ ಒಮ್ಮೆಗೇ ಕೊಡುವುದಕ್ಕಿಂತ, ಒಂದೊಂದಾಗಿ ಸಾವಿರ ಸಲ ಕೊಡುವುದು ಲೇಸೆಂದೂ ಆತನು ತಿಳಿಸಿದನು. ಏಕೆಂದರೆ ಕೈ ಪಳಗಿದಂತೆ ಮನಸ್ಸೂ ಪಳಗುವುದು. ದೇವರ ಆಜ್ಞೆಗಳು ಕುರುಡು ಕಟ್ಟಳೆಗಳಲ್ಲ, ದೇಹ ಮತ್ತು ಆತ್ಮಗಳ ಕ್ಷೇಮಕ್ಕಾಗಿಯೇ ಇವೆಯೆಂದು ಸುಮಾರು 1190ರಲ್ಲಿ ಮುಗಿಸಿದ ತತ್ತ್ವಗ್ರಂಥದಲ್ಲಿ ವಾದಿಸಿದನು.

ಇಳಿವಯಸ್ಸಿನಲ್ಲಿಯೂ ಆತನು ದಿನವೂ ಸವಾರಿಮಾಡಿ ಕೈರೋದ ಅರಮನೆಗೆ ಹೋಗಿ, ಹಸಿದು ಮನೆಗೆ ಮರಳುತ್ತಿದ್ದನು. ಅಂಗಳದಲ್ಲಿ ಯೆಹೂದ್ಯರೂ ಅನ್ಯಮತದವರೂ ಕಾದಿರುತ್ತಿದ್ದರು. ಅವರ ಅನುಮತಿ ಬೇಡಿ ತುಸು ಉಂಡು, ರಾತ್ರಿಯವರೆಗೆ ಮದ್ದು ಹೇಳುತ್ತ, ಆಯಾಸದಿಂದ ಮಲಗಿಕೊಂಡೇ ಮಾತನಾಡುತ್ತಿದ್ದನು. 1204ರಲ್ಲಿ ಆತನು ತೀರಿಕೊಂಡನು. ಟೈಬೀರಿಯಸ್ ನಗರದಲ್ಲಿ ಆತನದೆಂದು ನಂಬಲಾದ ಸಮಾಧಿಗೆ ಇಂದಿಗೂ ಯಾತ್ರಿಕರು ಬರುತ್ತಾರೆ.

ವಿಧಿಗಳನ್ನು ಎಣಿಸುವ ಪಂಡಿತರು ಎಲ್ಲ ಮತಗಳಲ್ಲಿಯೂ ಉಂಟು. ಎಣಿಸಿದುದನ್ನು ಅಂಗಳದಲ್ಲಿ ಕಾದು ಕುಳಿತ ರೋಗಿಗೆ ಸಲ್ಲಿಸಿದವರು ವಿರಳ. ಮೈಮೊನಿಡೀಸನು ಆ ವಿರಳರಲ್ಲೊಬ್ಬನು.