ಒಂದು ಸೊನ್ನೆ ಬಿಟ್ಟುಕೊಟ್ಟು ಊರು ಕಟ್ಟಿದವನು: ಫ್ರಾನ್ಸ್ವಾ ಬ್ಲಾಂ

ರೂಲೆಟ್ ಚಕ್ರವನ್ನು ನಾವೆಲ್ಲ ಸಿನಿಮಾದಲ್ಲಾದರೂ ನೋಡಿರ್ತೀವಿ. 1ರಿಂದ 36ರವರೆಗೆ ಕೆಂಪು, ಕಪ್ಪು ಮನೆಗಳು. ಅವುಗಳ ಮಧ್ಯೆ ಹಸಿರು ಬಣ್ಣದ ಒಂದು ಸೊನ್ನೆ. ಚಕ್ರ ಒಂದು ದಿಕ್ಕಿಗೆ, ಪುಟ್ಟ ಗೋಲಿ ಇನ್ನೊಂದು ದಿಕ್ಕಿಗೆ ಓಡುತ್ತೆ. ನೋಡೋರ ಕಣ್ಣೆಲ್ಲ ಕೆಂಪು ಕಪ್ಪಿನ ಮೇಲೆ ಇರುತ್ತೆ, ಆದರೆ ಕ್ಯಾಸಿನೋದವರ ಅನ್ನ ಬೇಯೋದು ಆ ಸೊನ್ನೆಯಲ್ಲಿ. ಮೊದಲು ಯುರೋಪಿನ ಚಕ್ರಗಳಲ್ಲಿ ಎರಡು ಸೊನ್ನೆ ಇದ್ದವು. ಅದರಲ್ಲಿ ಒಂದನ್ನು ತೆಗೆದುಹಾಕಿ, ಅಂದರೆ ತನ್ನ ಲಾಭವನ್ನು ತಾನೇ ಅರ್ಧಕ್ಕೆ ಇಳಿಸಿಕೊಂಡು, ಅದರಿಂದಲೇ ಶ್ರೀಮಂತನಾದ ಒಬ್ಬ ಮನುಷ್ಯ ಇದ್ದ. ಇವತ್ತು ಜಗತ್ತಿನಲ್ಲಿ ಕ್ಯಾಸಿನೋ ರೆಸಾರ್ಟ್ ಅಂತ ಏನೇನಿದೆಯೋ ಅದಕ್ಕೆಲ್ಲ ನಕ್ಷೆ ಹಾಕಿಕೊಟ್ಟವನು ಅವನೇ ಅಂದರೂ ತಪ್ಪಾಗಲಾರದು.

ಅವನ ಹೆಸರು ಫ್ರಾನ್ಸ್ವಾ ಬ್ಲಾಂ. 1806ರ ಡಿಸೆಂಬರ್‌ನಲ್ಲಿ ದಕ್ಷಿಣ ಫ್ರಾನ್ಸಿನ ಕೂರ್ತೆಜೋಂ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಜೊತೆಗೆ ಹುಟ್ಟಿದ ಅವಳಿ ಸೋದರ ಲೂಯಿ. ಇಬ್ಬರೂ ದೊಡ್ಡವರಾಗಿ ಬೋರ್ಡೋ ನಗರದಲ್ಲಿ ಸರ್ಕಾರಿ ಬಾಂಡುಗಳ ವ್ಯವಹಾರಕ್ಕೆ ಇಳಿದರು. ಬಾಂಡುಗಳ ಬೆಲೆ ನಿಗದಿಯಾಗುತ್ತಿದ್ದದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿ ಬೆಲೆ ಏರಿತೋ ಇಳಿಯಿತೋ ಅನ್ನುವ ಸುದ್ದಿ ಅಂಚೆ ಗಾಡಿಯಲ್ಲಿ ಬೋರ್ಡೋಗೆ ಬರಲು ದಿನಗಟ್ಟಲೆ ಬೇಕಾಗುತ್ತಿತ್ತು. ಎಲ್ಲರಿಗಿಂತ ಸ್ವಲ್ಪ ಮುಂಚೆ ಆ ಸುದ್ದಿ ಸಿಕ್ಕರೆ ಸಾಕು, ದುಡ್ಡೇ ದುಡ್ಡು.

ಇಲ್ಲಿಂದ ಮುಂದಿನದು ನಮ್ಮ ಇ.ಸಿ., ಸಿ.ಎಸ್. ಬ್ರಾಂಚಿನವರಿಗೆ ಖುಷಿ ಕೊಡುವ ಕಥೆ. ಆಗ ಫ್ರಾನ್ಸಿನಲ್ಲಿ ವಿದ್ಯುತ್ ಟೆಲಿಗ್ರಾಫ್ ಬಂದಿರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಗೋಪುರಗಳು, ಪ್ರತಿ ಗೋಪುರದ ಮೇಲೂ ಮರದ ತೋಳುಗಳು. ತೋಳುಗಳ ಒಂದೊಂದು ಭಂಗಿಗೂ ಒಂದೊಂದು ಅರ್ಥ. ಒಂದು ಗೋಪುರದವನು ದುರ್ಬೀನಿನಲ್ಲಿ ಹಿಂದಿನದನ್ನು ನೋಡಿ, ಹಾಗೇ ಕಾಪಿ ಮಾಡಿ ಮುಂದಿನದಕ್ಕೆ ತೋರಿಸುತ್ತಿದ್ದ. ಈ ಜಾಲ ಸರ್ಕಾರಿ ಸಂದೇಶಗಳಿಗೆ ಮಾತ್ರ ಮೀಸಲು. ಆಪರೇಟರ್ ತಪ್ಪು ಚಿಹ್ನೆ ಕಳಿಸಿದರೆ, ಹಿಂದಿನದನ್ನು ಬಿಟ್ಟುಬಿಡಿ ಅಂತ ಹೇಳಲು ಇನ್ನೊಂದು ಚಿಹ್ನೆ ಇತ್ತು. ನಮ್ಮ ಕೀಬೋರ್ಡಿನ ಬ್ಯಾಕ್‌ಸ್ಪೇಸ್ ಇದ್ದ ಹಾಗೆ. ಅಂಥ ತಪ್ಪುಗಳನ್ನು ಕೆಲವು ಮುಖ್ಯ ಠಾಣೆಗಳಲ್ಲಿ ಮಾತ್ರ ಶೋಧಿಸಿ ತೆಗೆಯುತ್ತಿದ್ದರು. ಅಂಥ ಒಂದು ಠಾಣೆ ತೂರ್ ಎಂಬ ಊರಿನಲ್ಲಿತ್ತು.

ಬ್ಲಾಂ ಸೋದರರು ತೂರ್‌ನ ಆಪರೇಟರ್‌ಗೆ ಲಂಚ ಕೊಟ್ಟರು. ಪ್ಯಾರಿಸ್ಸಿನಿಂದ ಅವರ ಕಡೆಯವನು ಅಂಚೆ ಗಾಡಿಯಲ್ಲಿ ತೂರ್‌ಗೆ ಬಟ್ಟೆಯ ಪಾರ್ಸೆಲ್ ಕಳಿಸುತ್ತಿದ್ದ. ಒಳಗಿರುವುದು ಕೈಗವಸೋ, ಕಾಲುಚೀಲವೋ, ಅದರ ಮೇಲೆ ಬೆಲೆ ಏರಿತೋ ಇಳಿಯಿತೋ ಗೊತ್ತಾಗುತ್ತಿತ್ತು. ಆಪರೇಟರ್ ಆ ಸುದ್ದಿಯನ್ನು ಸರ್ಕಾರಿ ಸಂದೇಶದ ಮಧ್ಯೆ ಒಂದು ತಪ್ಪಿನ ರೂಪದಲ್ಲಿ ಸೇರಿಸಿ, ಹಿಂದೆಯೇ ಬ್ಯಾಕ್‌ಸ್ಪೇಸ್ ಚಿಹ್ನೆ ಹಾಕುತ್ತಿದ್ದ. ಗೋಪುರದಿಂದ ಗೋಪುರಕ್ಕೆ ತಪ್ಪೂ ತಿದ್ದುಪಡಿಯೂ ಜೊತೆಜೊತೆಗೆ ಓಡಿ ಬೋರ್ಡೋ ತಲುಪುತ್ತಿದ್ದವು. ಅಲ್ಲಿ ಕೊನೆಯ ಗೋಪುರವನ್ನು ಕಿಟಕಿಯಿಂದ ನೋಡುತ್ತಾ ಕೂತ ಇನ್ನೊಬ್ಬ ಆ ತಪ್ಪನ್ನು ಓದಿಕೊಳ್ಳುತ್ತಿದ್ದ. ಅಧಿಕೃತ ಸಂದೇಶದಲ್ಲಿ ಅದರ ಸುಳಿವೇ ಉಳಿಯುತ್ತಿರಲಿಲ್ಲ. 1834ರಿಂದ 1836ರವರೆಗೆ, ಎರಡು ವರ್ಷ ಇದು ನಡೆಯಿತು. ನೆಟ್‌ವರ್ಕ್ ಹ್ಯಾಕಿಂಗ್‌ನ ಚರಿತ್ರೆ ಬರೆಯುವವರು ಮೊದಲ ಅಧ್ಯಾಯವನ್ನು ಇಲ್ಲಿಂದಲೇ ಶುರು ಮಾಡುವುದುಂಟು.

ಆಪರೇಟರ್ ಕಾಯಿಲೆ ಬಿದ್ದು, ತನ್ನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಲು ಹೋದಾಗ ಗುಟ್ಟು ರಟ್ಟಾಯಿತು. 1837ರಲ್ಲಿ ವಿಚಾರಣೆ ನಡೆಯಿತು. ಆದರೆ ಟೆಲಿಗ್ರಾಫನ್ನು ಖಾಸಗಿಯಾಗಿ ಬಳಸಬಾರದು ಅಂತ ಕಾನೂನೇ ಇರಲಿಲ್ಲ! ಸೋದರರು ಕೋರ್ಟು ಖರ್ಚು ಕಟ್ಟಿ ಹೊರಗೆ ಬಂದರು. ಆಮೇಲೆ ಸರ್ಕಾರ ಎಚ್ಚೆತ್ತು ಅದೇ ವರ್ಷ ಕಾನೂನು ಮಾಡಿತು. ಬ್ಲಾಂ ಇಲ್ಲಿ ಕಲಿತ ಪಾಠ ಏನೇ ಇರಲಿ, ಅವನ ಮುಂದಿನ ಬದುಕಿನಲ್ಲಿ ಒಂದು ಸಂಗತಿ ಎದ್ದು ಕಾಣುತ್ತೆ. ಒಂದೇ ಏಟಿಗೆ ದೊಡ್ಡದು ಹೊಡೆಯುವ ಆಸೆಯನ್ನು ಅವನು ತನ್ನ ಗಿರಾಕಿಗಳಿಗೆ ಬಿಟ್ಟ. ತಾನು ಮಾತ್ರ ಚಿಕ್ಕ, ಖಚಿತವಾದ ಅನುಕೂಲವೊಂದನ್ನು ಹಿಡಿದು ಕೂತ.

1837ರ ಕೊನೆಗೆ ಫ್ರಾನ್ಸ್ ತನ್ನ ಜೂಜಿನ ಮನೆಗಳನ್ನು ಮುಚ್ಚಿಸಿತು. ಆಡುವ ಹುಚ್ಚು ಮಾತ್ರ ಹಾಗೇ ಉಳಿಯಿತು. ಗಡಿ ದಾಟಿದರೆ ಜರ್ಮನ್ ಸಂಸ್ಥಾನಗಳ ಬಿಸಿನೀರಿನ, ಖನಿಜ ನೀರಿನ ಬುಗ್ಗೆಗಳ ಊರುಗಳು. ಬೇಸಿಗೆಯಲ್ಲಿ ಶ್ರೀಮಂತರು ಅಲ್ಲಿಗೆ ಆರೋಗ್ಯಕ್ಕಂತ ಹೋಗಿ ವಾರಗಟ್ಟಲೆ ಇರುತ್ತಿದ್ದರು. ಅವುಗಳಲ್ಲಿ ಬಾಡೆನ್-ಬಾಡೆನ್ ರಾಣಿ ಇದ್ದ ಹಾಗೆ. ಪ್ಯಾರಿಸ್ಸಿನ ಜೂಜುಕೋರ ಉದ್ಯಮಿ ಬೆನಾಜೆ ಆಗಲೇ ಅಲ್ಲಿ ನೆಲೆಯೂರಿದ್ದ. ವೀಸ್‌ಬಾಡೆನ್ ಕೂಡ ಹೆಸರು ಮಾಡಿತ್ತು. ಬ್ಲಾಂ ಸೋದರರು ಆರಿಸಿದ್ದು ಹೆಚ್ಚು ಜನಕ್ಕೆ ಗೊತ್ತೇ ಇಲ್ಲದ ಹೋಂಬುರ್ಗ್ ಅನ್ನು. ಫ್ರಾಂಕ್‌ಫರ್ಟ್ ಹತ್ತಿರದ ಪುಟ್ಟ ಸಂಸ್ಥಾನ, ಸಾಲದಲ್ಲಿ ಮುಳುಗಿದ ರಾಜಮನೆತನ. 1841ರಲ್ಲಿ ಅಲ್ಲಿ ಆಟ ಶುರುವಾಯಿತು. 1843ರಲ್ಲಿ ಭವ್ಯವಾದ ಕುರ್‌ಹೌಸ್ ತೆರೆಯಿತು.

ಹೆಸರಿಲ್ಲದ ಊರಿಗೆ ಜನ ಯಾಕೆ ಬರಬೇಕು? ಬ್ಲಾಂ ಕೊಟ್ಟ ಉತ್ತರವೇ ಆ ಒಂದು ಸೊನ್ನೆ. ಲೆಕ್ಕ ಸುಲಭ. ಯಾವುದೇ ಒಂದು ಸಂಖ್ಯೆ ಗೆದ್ದರೆ 35 ಪಟ್ಟು ಕೊಡ್ತಾರೆ. ಎರಡು ಸೊನ್ನೆ ಇದ್ದರೆ ಮನೆಗಳು 38, ಆಗ ಕಟ್ಟಿದ ಪ್ರತಿ 100ರಲ್ಲಿ ಸರಾಸರಿ 5.26 ಕ್ಯಾಸಿನೋಗೆ. ಒಂದೇ ಸೊನ್ನೆ ಇದ್ದರೆ ಮನೆಗಳು 37, ಕ್ಯಾಸಿನೋಗೆ 2.70. ಪಕ್ಕದ ಊರಿಗಿಂತ ಹೋಂಬುರ್ಗ್‌ನಲ್ಲಿ ಆಡುವುದು ಅಗ್ಗ ಅಂತ ಆಟಗಾರರಿಗೆ ಬೇಗ ಅರ್ಥವಾಯಿತು. ಬ್ಲಾಂಗೆ ಅದಕ್ಕಿಂತ ಆಳವಾದದ್ದು ಗೊತ್ತಿತ್ತು: ನಿಧಾನವಾಗಿ ಸೋಲುವವನು ಹೆಚ್ಚು ಹೊತ್ತು ಕೂರುತ್ತಾನೆ, ಮತ್ತೆ ಬರುತ್ತಾನೆ. ಒಬ್ಬನಿಂದ ಒಂದು ಸಲಕ್ಕೆ ಎಷ್ಟು ಕಿತ್ತೆ ಅನ್ನೋದಕ್ಕಿಂತ ಅವನು ಎಷ್ಟು ದಿನ ಇದ್ದ ಅನ್ನೋದು ಮುಖ್ಯ.

ಶಕುನಿಯ ಆಟ ಎಲ್ಲರಿಗೂ ಗೊತ್ತು. ಅಲ್ಲಿ ದಾಳದಲ್ಲೇ ಕಪಟ. ಬ್ಲಾಂಗೆ ಕಪಟದ ಅಗತ್ಯವೇ ಇರಲಿಲ್ಲ. ಚಕ್ರ ಎಷ್ಟು ಪ್ರಾಮಾಣಿಕವಾಗಿ ತಿರುಗುತ್ತೋ ಅಷ್ಟು ಅವನಿಗೇ ಒಳ್ಳೆಯದು. ಹಾಗಾಗಿ ಅವನು ದುಡ್ಡು ಸುರಿದದ್ದು ಮೇಜಿನ ಸುತ್ತ ಇರುವ ಎಲ್ಲದರ ಮೇಲೆ: ತೋಟ, ಸಂಗೀತ, ಊಟ, ಓದುವ ಕೋಣೆ, ಪತ್ರಿಕೆಗಳಲ್ಲಿ ಧಾರಾಳ ಜಾಹೀರಾತು. 1860ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಹೋಂಬುರ್ಗ್‌ಗೆ ರೈಲೂ ಬಂತು. ಈ ಮಧ್ಯೆ ಸೋದರ ಲೂಯಿ ತೀರಿಕೊಂಡಿದ್ದ. ಬ್ಲಾಂ ಹತ್ತಿರದ ಹಳ್ಳಿಯ ಚಪ್ಪಲಿ ಹೊಲಿಯುವವರ ಮಗಳು ಮರೀ ಹೆನ್ಸೆಲ್‌ಳನ್ನು ಮದುವೆಯಾದ.

ಆ ಸೊಗಸಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. 1867ರ ಮೇ ತಿಂಗಳಲ್ಲಿ ರಷ್ಯಾದ ಕಾದಂಬರಿಕಾರ ದೋಸ್ತೊಯೆವ್ಸ್ಕಿ, ಹೊಸದಾಗಿ ಮದುವೆಯಾದ ಹೆಂಡತಿಯನ್ನು ಡ್ರೆಸ್ಡೆನ್‌ನಲ್ಲಿ ಬಿಟ್ಟು, ನಾಲ್ಕು ದಿನಕ್ಕೆ ಅಂತ ಹೋಂಬುರ್ಗ್‌ಗೆ ಬಂದ. ದಿನಗಳು ಬೆಳೆದವು, ದುಡ್ಡು ಹೋಯಿತು, ಗಡಿಯಾರ ಅಡವಿಗೆ ಹೋಯಿತು, ಊರಿಗೆ ವಾಪಸ್ ಹೋಗಲು ಹೆಂಡತಿಯೇ ದುಡ್ಡು ಕಳಿಸಬೇಕಾಯಿತು. ಅದಕ್ಕೂ ಕೆಲವೇ ತಿಂಗಳ ಹಿಂದೆ ಅವನು ಜೂಜಿನ ಹುಚ್ಚಿನ ಬಗ್ಗೆಯೇ ದಿ ಗ್ಯಾಂಬ್ಲರ್ ಎಂಬ ಕಾದಂಬರಿ ಬರೆದು ಮುಗಿಸಿದ್ದ! ಆ ಹುಚ್ಚಿನ ಒಳಹೊರಗೆಲ್ಲ ಬಲ್ಲವನಿಗೂ ಎದ್ದು ಹೋಗಲು ಆಗಲಿಲ್ಲ.

ಇನ್ನು ಮೊನಾಕೊ ವಿಷಯ. 1861ರಲ್ಲಿ ಆ ಪುಟ್ಟ ದೇಶದ ಬಹುಪಾಲು ನೆಲ, ಮೆಂತೋಂ ಮತ್ತು ರೋಕ್‌ಬ್ರೂನ್, 40 ಲಕ್ಷ ಫ್ರಾಂಕ್‌ಗಳಿಗೆ ಫ್ರಾನ್ಸ್ ಪಾಲಾಯಿತು. ಉಳಿದದ್ದು ಬಂಡೆ, ಸಮುದ್ರ, ಬಡತನ. ರಾಜ ಮೂರನೇ ಚಾರ್ಲ್ಸ್‌ಗೆ ಆದಾಯ ಬೇಕಿತ್ತು. 1856ರಿಂದಲೇ ಅಲ್ಲಿ ಒಂದು ಕ್ಯಾಸಿನೋ ಕೈಯಿಂದ ಕೈಗೆ ಬದಲಾಗುತ್ತಾ ಕುಂಟುತ್ತಿತ್ತು. ಸರಿಯಾದ ದಾರಿ ಇಲ್ಲ, ಉಳಿಯಲು ಒಳ್ಳೆ ಹೋಟೆಲ್ ಇಲ್ಲ, ಯಾರು ಬರ್ತಾರೆ? 1863ರಲ್ಲಿ ಬ್ಲಾಂ 17 ಲಕ್ಷ ಫ್ರಾಂಕ್ ಕೊಟ್ಟು ಅದರ ಪರವಾನಗಿಯನ್ನು 50 ವರ್ಷಕ್ಕೆ ಪಡೆದ. ಅದಕ್ಕಾಗಿ ಕಟ್ಟಿದ ಕಂಪನಿಗೆ ಸಮುದ್ರಸ್ನಾನದ ಹೆಸರು, ಜೂಜಿನ ಮಾತೇ ಇಲ್ಲ. ಆ ಕಂಪನಿ ಇವತ್ತಿಗೂ ಇದೆ. 1864ರಲ್ಲಿ ಕ್ಯಾಸಿನೋ ಪಕ್ಕದಲ್ಲೇ ಓತೆಲ್ ದ ಪಾರಿ ತೆರೆಯಿತು. 1866ರಲ್ಲಿ ಆ ಗುಡ್ಡಕ್ಕೆ ರಾಜನ ಹೆಸರನ್ನೇ ಇಟ್ಟು ಮಾಂಟೆ ಕಾರ್ಲೋ ಅಂತ ಕರೆದರು. 1868ರಲ್ಲಿ ರೈಲು ಬಂತು. ಅಲ್ಲಿಂದ ಆ ಊರು ಹಿಂದೆ ತಿರುಗಿ ನೋಡಲಿಲ್ಲ.

ಒಬ್ಬನೇ ಕಟ್ಟಿದ ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚೆನ್ನಾಗಿರುತ್ತೆ. ಹೋಂಬುರ್ಗ್ ಮುಖ್ಯವಾಗಿ ಬೇಸಿಗೆಯ ಊರು: ಬೆಳಿಗ್ಗೆ ಬುಗ್ಗೆಯ ನೀರು ಕುಡಿ, ಉದ್ಯಾನದಲ್ಲಿ ಸುತ್ತಾಡು, ಸಂಜೆ ಆಡು. ಬರಲು ಆರೋಗ್ಯವೇ ನೆಪ. ಮಾಂಟೆ ಕಾರ್ಲೋ ಚಳಿಗಾಲದ ಊರು: ಉತ್ತರ ಯುರೋಪ್ ಹಿಮದಲ್ಲಿ ನಡುಗುವಾಗ ಇಲ್ಲಿ ಬಿಸಿಲು, ನೀಲಿ ಕಡಲು. ಬರಲು ಹವಾಮಾನವೇ ನೆಪ. ಹೋಂಬುರ್ಗ್‌ನಲ್ಲಿ ಊರು ಮೊದಲೇ ಇತ್ತು, ಜೂಜು ಅದಕ್ಕೆ ಸೇರಿತು. ಮಾಂಟೆ ಕಾರ್ಲೋದಲ್ಲಿ ಜೂಜಿನ ಮೇಜು ಮೊದಲು ಬಂತು, ಊರು ಅದರ ಸುತ್ತ ಬೆಳೆಯಿತು. ಇನ್ನೂ ಒಂದು ವ್ಯತ್ಯಾಸ ಇದೆ, ಅದೇ ಎಲ್ಲವನ್ನೂ ತೀರ್ಮಾನಿಸಿತು. ಹೋಂಬುರ್ಗ್‌ನ ರಕ್ಷಣೆಗೆ ಇದ್ದದ್ದು ಒಂದು ದುರ್ಬಲ ಮನೆತನ. 1866ರಲ್ಲಿ ಪ್ರಷ್ಯಾ ಆ ಸಂಸ್ಥಾನವನ್ನು ನುಂಗಿತು, 1872ರ ಕೊನೆಗೆ ಆಟ ಬಂದ್ ಆಯಿತು. ಮೊನಾಕೊದಲ್ಲಿ ಹಾಗಾಗಲಿಲ್ಲ. 1869ರಲ್ಲಿ ರಾಜ ತನ್ನ ಪ್ರಜೆಗಳ ನೇರ ತೆರಿಗೆಗಳನ್ನು ರದ್ದು ಮಾಡಿದ, ಖರ್ಚು ನೋಡಿಕೊಳ್ಳಲು ಕ್ಯಾಸಿನೋ ಇತ್ತಲ್ಲ. ಹಾಗೆಯೇ ಮೊನಾಕೊದ ಪ್ರಜೆಗಳು ಆ ಮೇಜಿನಲ್ಲಿ ಆಡುವಂತಿರಲಿಲ್ಲ. ಸೋಲಬೇಕಾದವರು ಹೊರಗಿನವರು ಮಾತ್ರ. ಆ ಮೇಜಿನ ಬಗ್ಗೆ ಆ ಸರ್ಕಾರಕ್ಕೆ ಎಷ್ಟು ಗೊತ್ತಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಂದು ಸೊನ್ನೆಯ ಚಕ್ರ, ಕೆಂಪಿನ ಮೇಲೆ ಪ್ರತಿ ಸಲ 100 ರೂಪಾಯಿ ಅಂದುಕೊಳ್ಳಿ. ಕೆಲವು ಕಡೆ ಸೊನ್ನೆ ಬಿದ್ದಾಗ ಅರ್ಧ ವಾಪಸ್ ಕೊಡುವ ರಿಯಾಯಿತಿ ಇದೆ, ಅದನ್ನು ಬಿಡೋಣ. 600 ಆಟ ಆಡಿದರೆ ಸರಾಸರಿ ನಷ್ಟ ಸುಮಾರು 1,620 ರೂಪಾಯಿ. ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 2,450. ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ ಗೆದ್ದೇ ಮನೆಗೆ ಹೋಗ್ತಾನೆ. ಅವನೇ ಗ್ರೂಪಿನಲ್ಲಿ ಎಲ್ಲರಿಗೂ ಕಥೆ ಹೇಳೋನು, ಜಾಹೀರಾತಿಗಿಂತ ಅಗ್ಗದ ಜಾಹೀರಾತು. ಅದೇ ಮನುಷ್ಯ 6,000 ಆಟ ಆಡಲಿ. ನಷ್ಟ ಹತ್ತು ಪಟ್ಟು, 16,200 ದಾಟುತ್ತೆ. ಡೀವಿಯೇಷನ್ ಮಾತ್ರ ಹತ್ತರ ವರ್ಗಮೂಲದಷ್ಟು, ಮೂರು ಪಟ್ಟು ಚಿಲ್ಲರೆ, ಬೆಳೆದು 7,750ರ ಹತ್ತಿರ ನಿಲ್ಲುತ್ತೆ. ಈಗ ಗೆದ್ದು ಎದ್ದುಹೋಗೋರು ನೂರಕ್ಕೆ ಇಬ್ಬರು. ಚಕ್ರ ಬದಲಾಗಿಲ್ಲ, ಅದೃಷ್ಟ ಬದಲಾಗಿಲ್ಲ, ಬದಲಾದದ್ದು ಕೂತ ಹೊತ್ತು ಒಂದೇ.

ಥರ್ಡ್ ಸೆಮ್ಮಿನ ಪ್ರಾಬಬಿಲಿಟಿ ಯೂನಿಟ್ ಅಂತ ನಾವು ಓದಿ ಮರೆಯುವ ಇದನ್ನೇ ಬ್ಲಾಂ ಕಲ್ಲು, ಗಾರೆಯಲ್ಲಿ ಕಟ್ಟಿದ. ಮೆತ್ತನೆ ಹಾಸಿಗೆ, ಒಳ್ಳೆ ಊಟ, ಸಂಗೀತ, ಸಮುದ್ರದ ಗಾಳಿ, ಇವೆಲ್ಲ ಆಟದ ಸಂಖ್ಯೆಯನ್ನು 600ರಿಂದ 6,000ಕ್ಕೆ ಒಯ್ಯುವ ಯಂತ್ರಗಳು. ಮಾಂಡೋವಿ ನದಿಯ ಮೇಲಿನ ಹಡಗಾಗಲಿ, ಲಾಸ್ ವೇಗಸ್ಸಿನ ಗೋಪುರವಾಗಲಿ, ಯಾವ ರೆಸಾರ್ಟ್ ಚೆನ್ನಾಗಿದೆ ಅಂತ ಹೋಲಿಸುವಾಗ ನಾವು ನೋಡೋದು ಈ ಯಂತ್ರಗಳನ್ನೇ. ಜೇಬಿನೊಳಗಿನ ಬೆಟ್ಟಿಂಗ್ ಆ್ಯಪ್‌ಗೆ ಹಾಸಿಗೆ, ಊಟದ ಖರ್ಚೂ ಇಲ್ಲ. ನಮ್ಮ ಹಾಸ್ಟೆಲ್ ಮಂಚವೇ ಅದರ ರೆಸಾರ್ಟ್, ಮಂಚದ ಬಾಡಿಗೆ ಕಟ್ಟೋರೂ ನಾವೇ.

ಬ್ಲಾಂ 1877ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲಾಯ್ಕರ್‌ಬಾಡ್‌ನಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನೆಷ್ಟು ದೊಡ್ಡವನಾಗಿದ್ದ ಅಂದರೆ, ಪ್ಯಾರಿಸ್ಸಿನ ಪ್ರಸಿದ್ಧ ಒಪೆರಾ ಕಟ್ಟಡ ದುಡ್ಡಿಲ್ಲದೆ ನಿಂತಾಗ ಅದನ್ನು ಮುಗಿಸಲು 49 ಲಕ್ಷ ಫ್ರಾಂಕ್ ಸಾಲ ಕೊಟ್ಟವನು ಅವನೇ. ಅದೇ ವಾಸ್ತುಶಿಲ್ಪಿ ಗಾರ್ನಿಯೇ ಮುಂದೆ ಮಾಂಟೆ ಕಾರ್ಲೋದ ಕ್ಯಾಸಿನೋಗೆ ಅಂಟಿದಂತೆ ಒಂದು ಒಪೆರಾ ಕಟ್ಟಿಕೊಟ್ಟ. 1879ರಲ್ಲಿ ಅದು ತೆರೆದಾಗ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು ಮರೀ ಬ್ಲಾಂ. ಒಬ್ಬ ಮಗಳು ಬೋನಾಪಾರ್ಟ್ ಮನೆತನಕ್ಕೆ ಸೊಸೆಯಾದಳು. ಅವಳ ಮಗಳೇ ಮನೋವಿಶ್ಲೇಷಕಿ ಮರೀ ಬೋನಾಪಾರ್ಟ್, 1938ರಲ್ಲಿ ಫ್ರಾಯ್ಡ್ ನಾಜಿಗಳಿಂದ ಪಾರಾಗಿ ವಿಯೆನ್ನಾ ಬಿಡಲು ನೆರವಾದವಳು.

ಬ್ಲಾಂ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದ ಅಂತ ಒಂದು ದಂತಕಥೆ ಇದೆ. 1ರಿಂದ 36ರವರೆಗಿನ ಸಂಖ್ಯೆಗಳನ್ನು ಕೂಡಿ ನೋಡಿ, ಬೈಬಲ್ಲಿನ ಆ ಕುಖ್ಯಾತ 666 ಬರುತ್ತೆ. ಕೇಳೋಕೆ ಮಜವಾಗಿದೆ, ಆದರೆ ಅವನಿಗೆ ಸೈತಾನ ಬೇಕಿರಲಿಲ್ಲ, ಸರಾಸರಿ ಸಾಕಿತ್ತು. ಫ್ರೆಂಚ್‌ನಲ್ಲಿ ಬ್ಲಾಂ ಅಂದರೆ ಬಿಳಿ. ಕೆಂಪು ಒಮ್ಮೆ, ಕಪ್ಪು ಒಮ್ಮೆ ಗೆದ್ದರೂ ಯಾವಾಗಲೂ ಗೆಲ್ಲೋದು ಬಿಳಿ ಒಂದೇ ಅಂತ ಆ ಕಾಲದವರು ತಮಾಷೆ ಮಾಡ್ತಿದ್ದರು. ತಮಾಷೆ ಮಾಡಿದವರೂ ಮಾರನೇ ದಿನ ಮತ್ತೆ ಅದೇ ಮೇಜಿಗೆ ಹೋಗಿ ಕೂತಿರಬಹುದು. ಗೊತ್ತಿರೋದು ಬೇರೆ, ಎದ್ದು ಬರೋದು ಬೇರೆ.