ಗಂಟೆಗೆ ಕಿವಿಗೊಟ್ಟ ವುಂಟ್

ಶಾಲೆಯಲ್ಲಿ ನಪಾಸಾದ ಹುಡುಗನೊಬ್ಬ ದೊಡ್ಡ ಪ್ರೊಫೆಸರ್ ಆದ ಕತೆ ಇದು. ಹೆಸರು ವಿಲ್ಹೆಲ್ಮ್ ವುಂಟ್. ಮನಃಶಾಸ್ತ್ರದ ಪಿತಾಮಹ ಅಂತ ಇವರನ್ನು ಕರೆಯುತ್ತಾರೆ.

ವುಂಟ್ ಹುಟ್ಟಿದ್ದು 1832ರ ಆಗಸ್ಟ್ 16ರಂದು, ಜರ್ಮನಿಯ ಮಾನ್‌ಹೈಮ್ ಹತ್ತಿರದ ನೆಕರಾವ್ ಎಂಬಲ್ಲಿ. ತಂದೆ ಪಾದ್ರಿ. ಹುಡುಗನಿಗೆ ಆಟದ ಜೊತೆಗಾರರು ಕಡಿಮೆ. ತರಗತೀಲಿ ಕೂತರೆ ಬರೀ ಹಗಲುಗನಸು! ಬ್ರುಖ್ಸಾಲ್ ಊರಿನ ಶಾಲೆಯಲ್ಲಿ ಮೊದಲ ವರ್ಷವೇ ನಪಾಸು. ಇವನಿಗೆ ಅಂಚೆ ಕಚೇರಿ ಕೆಲಸವೇ ಸಾಕು ಅಂತ ಒಬ್ಬ ಮೇಷ್ಟ್ರು ಹೇಳಿದರಂತೆ. (ಅಂಚೆ ಕೆಲಸ ಏನು ಸುಲಭವೇ? ಅದಿರಲಿ.) ಆಮೇಲೆ ಹೈಡಲ್‌ಬರ್ಗ್‌ನಲ್ಲಿ ಓದಿ ವೈದ್ಯ ಪದವಿ ಪಡೆದರು.

ಆ ಕಾಲದ ಖಗೋಳ ವಿಜ್ಞಾನಿಗಳಿಗೆ ಒಂದು ಪೇಚಾಟವಿತ್ತು. ದೂರದರ್ಶಕದಲ್ಲಿ ನಕ್ಷತ್ರ ಒಂದು ಗೆರೆ ದಾಟುವುದನ್ನು ಕಣ್ಣಿಂದ ನೋಡಬೇಕು, ಗಡಿಯಾರದ ಟಿಕ್ ಟಿಕ್ ಕಿವಿಯಿಂದ ಕೇಳಬೇಕು, ಸಮಯ ಬರೆಯಬೇಕು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಾಳೆ ಆಗುತ್ತಿರಲಿಲ್ಲ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಕಿನ್ನೆಬ್ರೂಕ್ ಎಂಬ ಸಹಾಯಕನ ಕೆಲಸವೇ ಹೋಯಿತು. ತಪ್ಪೇನು ಗೊತ್ತಾ? ಆತ ಬರೆದ ಸಮಯ ಯಜಮಾನರದಕ್ಕಿಂತ ಸುಮಾರು 0.8 ಸೆಕೆಂಡು ತಡ! ಪಾಪ, ಆತ ಸೋಮಾರಿ ಆಗಿರಲಿಲ್ಲ. ಮನುಷ್ಯರೆಲ್ಲರಲ್ಲೂ ಇಂಥ ವ್ಯತ್ಯಾಸ ಇರುತ್ತದೆ ಅಂತ ಮುಂದೆ ಬೆಸೆಲ್ ಎಂಬ ವಿಜ್ಞಾನಿ ತೋರಿಸಿದರು.

ಇದು ಯಾಕೆ ಹೀಗೆ ಅಂತ ವುಂಟ್ ತಲೆ ಕೆಡಿಸಿಕೊಂಡರು. 1861ರ ಸುಮಾರಿಗೆ ಒಂದು ಗಡಿಯಾರದ ಲೋಲಕಕ್ಕೆ ಗಂಟೆ ಜೋಡಿಸಿ ಮುಂದೆ ಕೂತರು. ಗಂಟೆ ಕೇಳಿದಾಗ ಲೋಲಕ ಎಲ್ಲಿ ಕಂಡಿತೋ ನಿಜವಾಗಿ ಅದು ಅಲ್ಲಿರಲಿಲ್ಲ. ಸುಮಾರು ಎಂಟನೇ ಒಂದು ಸೆಕೆಂಡಿನ ವ್ಯತ್ಯಾಸ. ಕಣ್ಣು, ಕಿವಿ ಎರಡಕ್ಕೂ ಮನಸ್ಸು ಒಟ್ಟಿಗೇ ಗಮನ ಕೊಡಲಾರದು ಅಂತ ಅವರಿಗೆ ಅನ್ನಿಸಿತು.

ಮುಂದಿನ ಪ್ರಯೋಗ ಇನ್ನೂ ಸ್ವಾರಸ್ಯ. ಮುಳ್ಳು ಸುತ್ತುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಗಂಟೆ ಹೊಡೆಯುತ್ತದೆ. ನೋಡುವವನಿಗೆ ಇನ್ನೇನು ಹೊಡೀತದೆ ಅಂತ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ಮುಳ್ಳು ಆ ಜಾಗ ಮುಟ್ಟುವ ಮೊದಲೇ ಗಂಟೆ ಕೇಳಿದ ಹಾಗೆ ಆಗುತ್ತಿತ್ತು! ಕಾಯುತ್ತಿರುವ ಮನಸ್ಸು ಶಬ್ದಕ್ಕೆ ಮೊದಲೇ ಸಿದ್ಧವಾಗಿರುತ್ತದೆ, ಅದಕ್ಕೇ ಹೀಗೆ ಅಂದರು ವುಂಟ್. ಶಬ್ದ ಕೇಳಿದ ಕೂಡಲೇ ಕೀಲಿ ಒತ್ತಬೇಕು ಅನ್ನುವ ಪ್ರಯೋಗದಲ್ಲೂ ಹಾಗೇ. ಮುನ್ಸೂಚನೆ ಕೊಟ್ಟು ಅಷ್ಟೇ ಹೊತ್ತು ಬಿಟ್ಟು ಶಬ್ದ ಮಾಡುತ್ತಾ ಹೋದರೆ, ಕೆಲವು ಸಲ ಶಬ್ದಕ್ಕೆ ಮೊದಲೇ ಬೆರಳು ಒತ್ತಿಬಿಡುತ್ತಿತ್ತು. ಓಟದ ಪಂದ್ಯದಲ್ಲಿ ಸೀಟಿಗೆ ಮುಂಚೆ ಓಡಿ ಬೈಸಿಕೊಂಡವರು ಇದನ್ನು ಪಿ.ಟಿ. ಮೇಷ್ಟ್ರಿಗೆ ಓದಿಸಬಹುದು.

1879ರಲ್ಲಿ ಲೈಪ್‌ಸಿಗ್ ವಿಶ್ವವಿದ್ಯಾಲಯದಲ್ಲಿ ವುಂಟ್ ಮನಃಶಾಸ್ತ್ರದ ಪ್ರಯೋಗಶಾಲೆ ಆರಂಭಿಸಿದರು. ದೇಶ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಬರೆದದ್ದಂತೂ ಸಾವಿರಾರು ಪುಟ. ಕೊನೆಗೆ ಆತ್ಮಕತೆಯನ್ನೂ ಬರೆದು, 1920ರ ಆಗಸ್ಟ್ 31ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಬ್ರುಖ್ಸಾಲ್ ಶಾಲೆಯ ಆ ಕಷ್ಟದ ವರ್ಷವನ್ನು ಅದರಲ್ಲಿ ಅವರು ಮುಚ್ಚಿಟ್ಟಿಲ್ಲ.